ಮುನಿಗಂಗಮ್ಮನ ಬೇಸ್‌ಲೈನ್ ಸರ್ವೆ

ಭಾನುವಾರ ಬೆಳಿಗ್ಗೆ ಚಂದ್ರಲೇಖಾ ತಲೆತುಂಬ ಹರಳೆಣ್ಣೆ ಮೆತ್ತಿಕೊಂಡು ಬಚ್ಚಲಿಗೆ ಹೋದದ್ದೇ ತಡ, ಅವಳ ಸೋದರತ್ತೆ ಮುನಿಗಂಗಮ್ಮ ಗೂಟದಲ್ಲಿದ್ದ ಆಫೀಸಿನ ಟ್ಯಾಗನ್ನು ಕೊರಳಿಗೆ ಹಾಕಿಕೊಂಡಳು, ಸರ್ವೆ ಚೀಲವನ್ನು ಹೆಗಲಿಗೇರಿಸಿದಳು, ಬಿಳಿ ಟೋಪಿಯನ್ನು ತುರುಬಿನ ಮೇಲೆ ಒತ್ತಿ ಕೂರಿಸಿದಳು. ಟೋಪಿ ತುರುಬಿಗೆ ಒಗ್ಗದೆ ಒಂದು ಕಡೆ ವಾಲಿತು. ವಾಲಲಿ ಬಿಡು ಅಂದುಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದು ಡೆಂಕಣಿಕೋಟೆ ಬಸ್ ಸ್ಟ್ಯಾಂಡಿನ ಕಡೆ ದೌಡಾಯಿಸಿದಳು. ಇದನ್ನು ಯಾರಾದರೂ ಕಳ್ಳತನ ಅಂದರೆ ಅವಳು ಸುಮ್ಮನಿರುವವಳಲ್ಲ. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ಸಾಕಿದವಳಿಗೆ ಆ ಕೂಸಿನ ಟೋಪಿಯ ಮೇಲೆ ಅಷ್ಟೂ ಅಧಿಕಾರ ಇಲ್ಲವೇ?

ಚಂದ್ರಲೇಖಾಗೆ ಕೆಲಸ ಸಿಕ್ಕಿದ್ದು ಹಳ್ಳಿಗಳಿಗೆ ಹಸು ಕೊಡಲು ಹೊರಟಿದ್ದ ಒಂದು ಸಂಸ್ಥೆಯಲ್ಲಿ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ. ಸೇರಿದ ದಿನವೇ ಅತ್ತೆಗೆ ಬಿಡಿಸಿ ಹೇಳಿದ್ದಳು: "ಅತ್ತೆ, ಏನಾದ್ರೂ ಕೊಡೋಕ್ ಮುಂಚೆ ಜನ ಈಗ ಹೆಂಗವ್ರೆ ಅಂತ ಬರ್ಕೋಬೇಕು. ಎಷ್ಟು ಹಸ, ಎಷ್ಟು ಹೊಲ, ಏನು ಉಣ್ತಾರೆ, ಎಲ್ಲಾ. ಆಮೇಲೆ ಏನ್ ಬದ್ಲಾಯ್ತು ಅಂತ ಗೊತ್ತಾಗ್ಬೇಕಲ್ಲ? ಅದಕ್ಕೇ ಬೇಸ್‌ಲೈನ್ ಸರ್ವೆ ಅನ್ನೋದು."

ಮುನಿಗಂಗಮ್ಮ ಕೈಯಲ್ಲಿದ್ದ ಪೊರಕೆಯನ್ನು ಹಾಗೇ ಹಿಡಿದು ನಿಂತುಬಿಟ್ಟಿದ್ದಳು. "ಇಷ್ಟು ಬುದ್ದಿವಂತ್ಕೆ ಕೆಲ್ಸಾನ ಹಸ ಕೊಡೋಕೆ ಮಾಡ್ತಾರಲ್ಲಮ್ಮೀ, ಹೆಣ್ಣು ಕೊಡೋಕೆ ಯಾಕೆ ಯಾರೂ ಮಾಡಲ್ಲ?"

ಚಂದ್ರಲೇಖಾ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. ಮುನಿಗಂಗಮ್ಮನ ಮದುವೆಯ ಕಾಲದಲ್ಲಿ ಅವಳ ಅಪ್ಪ ಬೇರಿಕೆ ಕಡೆಯ ಗಂಡಿನ ಮನೆ ನೋಡಿಬಂದು, ಕೊಟ್ಟಿಗೆ ತುಂಬ ಹಸು, ಅಟ್ಟದ ತುಂಬ ಹಿತ್ತಾಳೆ ಪಾತ್ರೆ ಎಂದು ಊರೆಲ್ಲ ಸಾರಿದ್ದ. ಮದುವೆಯಾಗಿ ವಾರ ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ಬಂದು ತಂತಮ್ಮ ಹಸುವಿನ ಹಗ್ಗ ಬಿಚ್ಚಿಕೊಂಡು ಹೋದರು. ಕೊನೆಯ ಹಿತ್ತಾಳೆ ಕೊಳಗವನ್ನಂತೂ ಅವಳು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗಲೇ ಪಕ್ಕದ ಮನೆಯವಳು ಬಂದು, "ನಮ್ದು ಕಣವ್ವ" ಎಂದು ಕೈಯಿಂದ ಕಿತ್ತುಕೊಂಡಳು. ಹೋಗುವಾಗ ಚೆನ್ನಾಗಿ ಬೆಳಗಿದ್ದೀಯ ಅಂತ ಹೊಗಳಿ ಬೇರೆ ಹೋದಳು! ಆ ಮನೆಯ ಸುಖ ಅಷ್ಟರಲ್ಲೇ ಇತ್ತು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣ ಶ್ಯಾಮಣ್ಣನ ಮನೆಗೆ ಬಂದಳು, ತಾಯಿ ಕಳಕೊಂಡಿದ್ದ ಅವನ ಮಗಳನ್ನು ಮಡಿಲಿಗೆ ಹಾಕಿಕೊಂಡಳು.

ಈಗ ಆ ಮಗಳಿಗೆ ಗಂಡು ಬಂದಿತ್ತು. ಉದ್ದನಪಲ್ಲಿ ಹತ್ತಿರದ ಬೇವಿನದೊಡ್ಡಿಯ ಮುನೀಶ, ಹೊಸೂರಿನಲ್ಲಿ ಕಂಪನಿ ಕೆಲಸ. ಹುಡುಗ ಹುಡುಗಿ ನೋಡಿಕೊಂಡದ್ದಾಗಿತ್ತು, ಒಪ್ಪಿದ್ದಾಗಿತ್ತು. ಚಂದ್ರಲೇಖಾ ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಹೋದಳೆಂದರೆ ಒಳಗಿಂದ ಕಿಸಿಕಿಸಿ ನಗು ಕೇಳುತ್ತಿತ್ತು, ಎಮ್ಮೆಗೂ ನಾಚಿಕೆಯಾಗುವಷ್ಟು. ಬ್ರೋಕರ್ ನಾರಾಯಣಸ್ವಾಮಿ, "ಐದು ಹಸ, ಬೋರ್‌ವೆಲ್ಲು, ತಾರಸಿ ಮನೆ" ಎಂದು ಬೆರಳು ಮಡಿಸಿದ್ದ. ಐದು ಹಸು ಅಂದ ಕೂಡಲೇ ಮುನಿಗಂಗಮ್ಮನಿಗೆ ಬೇರಿಕೆಯ ಕೊಟ್ಟಿಗೆ ನೆನಪಾಯಿತು. ಶ್ಯಾಮಣ್ಣ ಮಾತ್ರ ಭಾರವನ್ನೆಲ್ಲ ತಂಗಿಯ ತಲೆಗೇ ಕಟ್ಟಿದ್ದ. "ಸಾಯಂಕಾಲ ಬ್ರೋಕರ್ರು ಬತ್ತಾನೆ, ಮಾತು ಕೊಡ್ಬೇಕು. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಮಗಳ ಬಾಳು ಅವಳ ಒಂದು ಮಾತಿನ ಮೇಲೆ ನಿಂತಿತ್ತು. ಅದಕ್ಕೇ ಈ ಟೋಪಿ.

ಕೆಲಮಂಗಲದಲ್ಲಿ ಬಸ್ಸು ಬದಲಿಸಿ ಅವಳು ಬೇವಿನದೊಡ್ಡಿ ತಿರುವಿನಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಟ್ಯಾಗಿನ ಮೇಲೆ ಚಂದ್ರಲೇಖಾಳ ಫೋಟೋ ಇದ್ದುದರಿಂದ ಅದನ್ನು ಮಗುಚಿ, ಬೆನ್ನು ಮುಂದೆ ಮಾಡಿಕೊಂಡಳು. ಉತ್ತರ ಒತ್ತುವ ಟ್ಯಾಬ್ಲೆಟ್ಟು ಅವಳ ಕೈಲಾಗುವ ಕೆಲಸವಲ್ಲ, ಅದನ್ನು ಮನೆಯಲ್ಲೇ ಬಿಟ್ಟಿದ್ದಳು. ಚೀಲದಲ್ಲಿ ಟ್ರೈನಿಂಗಿಗೆ ಕೊಟ್ಟಿದ್ದ ಪ್ರಶ್ನೆಗಳ ಕಾಗದ ಇತ್ತು, ತಮಿಳಿನಲ್ಲಿ. ಎಂಟನೇ ಕ್ಲಾಸಿನವರೆಗೆ ತಮಿಳು ಶಾಲೆಗೆ ಹೋದವಳಿಗೆ ಅಷ್ಟು ಓದಲು ಬಾರದೇ ಇರುತ್ತದೆಯೇ? ಓದುವುದು ತಮಿಳಿನಲ್ಲಿ, ಕೇಳುವುದು ಕನ್ನಡದಲ್ಲಿ, ಲೆಕ್ಕ ತೆಲುಗಿನಲ್ಲಿ. ಮೂರು ರಾಜ್ಯಗಳ ಗಡಿಯಲ್ಲಿರುವ ಆ ಕಡೆಯವರಿಗೆ ಇದೇನು ಹೊಸತಲ್ಲ.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಿಜವಾದ ಸರ್ವೆಯವರು ಸುತ್ತಮುತ್ತ ಓಡಾಡುತ್ತಿದ್ದ ಸುದ್ದಿ ಊರಿಗೆ ಆಗಲೇ ಮುಟ್ಟಿತ್ತು, ಜೊತೆಗೆ ಒಂದು ಗಾಳಿಮಾತೂ: ಇರೋದನ್ನ ಕಮ್ಮಿ ಹೇಳಿದಷ್ಟೂ ಸಿಗೋದು ಜಾಸ್ತಿ. ತಿರುವಿನಲ್ಲಿ ಹೂ ಕಟ್ಟುತ್ತಿದ್ದ ಒಬ್ಬಾಕೆ ಬಿಳಿ ಟೋಪಿ ಕಂಡದ್ದೇ ಫೋನು ಕಿವಿಗಿಟ್ಟಳು. ಮುನಿಗಂಗಮ್ಮ ದಾರಿ ಕೇಳಿಕೊಂಡು ಮುನೀಶನ ಮನೆ ತಲುಪುವಷ್ಟರಲ್ಲಿ ಆ ಮನೆ ಬಡವಾಗಿ ಮುಗಿದಿತ್ತು.

ಹೊಸದಾಗಿ ಹಸಿರು ಬಣ್ಣ ಬಳಿದ ತಾರಸಿ ಮನೆಯ ಮುಂದೆ, ಹರಿದ ಚಾಪೆಯ ಮೇಲೆ, ತೂತುಬಿದ್ದ ಬನಿಯನ್ನಿನಲ್ಲಿ ಮುನೀಶನ ಅಪ್ಪ ಸೊಣ್ಣಪ್ಪ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಲಕ್ಷ್ಮಿದೇವಮ್ಮ ತೇಪೆ ಹಾಕಿದ ಸೀರೆ ಸುತ್ತಿಕೊಂಡು ನಿಂತಿದ್ದಳು. ತೇಪೆ ಸೀರೆಯ ಕೆಳಗೆ ಇನ್ನೊಂದು ಸೀರೆಯ ಜರಿಯಂಚು ಮಿಣಮಿಣ ಅನ್ನುತ್ತಿತ್ತು.

"ನಮಸ್ಕಾರ. ಬೇಸ್‌ಲೈನ್ ಸರ್ವೆ," ಅಂದಳು ಮುನಿಗಂಗಮ್ಮ, ಗಂಟಲನ್ನು ಸ್ವಲ್ಪ ದಪ್ಪ ಮಾಡಿಕೊಂಡು.

"ಯಾವ ತಿಟ್ಟಂ ಮೇಡಂ? ಹಸ ಕೊಡೋದಾ?" ಲಕ್ಷ್ಮಿದೇವಮ್ಮನ ಕಣ್ಣು ಅರಳಿತು. ಯೋಜನೆ ಅನ್ನುವ ಮಾತು ಆ ಕಡೆ ಯಾರ ಬಾಯಲ್ಲೂ ಇಲ್ಲ, ಸರ್ಕಾರ ಕೊಡಲಿ ಸಂಸ್ಥೆ ಕೊಡಲಿ, ಎಲ್ಲವೂ ತಿಟ್ಟಮ್ಮೇ.

"ಕೊಡೋದು ಬಿಡೋದು ಆಮೇಲೆ. ಮೊದ್ಲು ಇರೋದು ಹೇಳಿ."

"ಇರೋದಾ? ನಮ್ತಾವ ಏನೈತೆ ಮೇಡಂ? ಉಸ್ರು ಐತೆ."

"ಹಸ ಎಷ್ಟವೆ?"

"ಹಸಾನಾ! ಹಸದ ಮಕ ನೋಡಿ ಎಷ್ಟು ಕಾಲಾಯ್ತೋ!"

ಹುಲ್ಲಿನ ಬಣವೆಯ ಹಿಂದಿನಿಂದ 'ಅಂಬಾ' ಎಂದಿತು. ಸೊಣ್ಣಪ್ಪ ಕೂಡಲೇ ಎದೆ ಹಿಡಿದುಕೊಂಡು ಕೆಮ್ಮತೊಡಗಿದ. ಅದು ಮತ್ತೆ ಅಂದಿತು. ಇವನು ಇನ್ನೂ ಜೋರಾಗಿ ಕೆಮ್ಮಿದ. ಇನ್ನೊಂದು ಹಸು ಬೇರೆ ಧ್ವನಿಯಲ್ಲಿ ಸೇರಿಕೊಂಡಾಗ ಅವನಿಗೆ ಎರಡು ಥರ ಕೆಮ್ಮಲು ಬಾರದೆ ಕಣ್ಣಲ್ಲಿ ನೀರು ಬಂತು.

"ಯಜಮಾನ್ರಿಗೆ ಕಾಯಿಲೆಯಾ?" ಅಂದಳು ಮುನಿಗಂಗಮ್ಮ.

"ಒಂದಾ ಎರಡಾ ಮೇಡಂ! ಬರ್ಕಳಿ, ಬರ್ಕಳಿ."

ಮುನಿಗಂಗಮ್ಮ ಬರೆದುಕೊಂಡಂತೆ ಮಾಡಿ ಒಳಗೆ ಇಣುಕಿದಳು. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಏನನ್ನೋ ಹಳೇ ಸೀರೆಯಿಂದ ಮುಚ್ಚಿ, ಮೇಲೆ ಅರಿಸಿನ ಕುಂಕುಮ ಬಳಿದು, ಚೆಂಡುಹೂ ಸಿಕ್ಕಿಸಿತ್ತು.

"ಅದೇನು?"

"ದೇವ್ರು."

"ಗುಂಯ್ ಅಂತೈತಲ್ಲ?"

"ಬೋ ಜಾಗ್ರತ ದೇವ್ರು ಮೇಡಂ," ಅಂದಳು ಲಕ್ಷ್ಮಿದೇವಮ್ಮ, ಕೆನ್ನೆಗೆ ಎರಡು ಬಾರಿ ಬಡಿದುಕೊಂಡು.

ಮುನಿಗಂಗಮ್ಮ ತುಟಿ ಕಚ್ಚಿಕೊಂಡಳು. ನಗು ಬಂದರೆ ಕೆಲಸ ಕೆಟ್ಟಿತು. ಆದರೂ ಇದೊಂದು ಸಮಾಧಾನ, ಫ್ರಿಜ್ಜಂತೂ ಇದೆ. ಅವಳು ಮುಖ್ಯವಾದ ಪ್ರಶ್ನೆಗೆ ಬಂದಳು.

"ಮಕ್ಳು?"

"ಒಬ್ಬ ಅವ್ನೆ, ಮುನೀಶ ಅಂತ. ಏನ್ ಹೇಳಾನ ಬಿಡಿ. ಕೆಲ್ಸಿಲ್ಲ ಕಾರ್ಯಿಲ್ಲ. ಎದ್ರೆ ಮೊಬೈಲು, ಬಿದ್ರೆ ಮೊಬೈಲು."

ಮುನಿಗಂಗಮ್ಮ ಕಾಗದದಿಂದ ತಲೆಯೆತ್ತಿದಳು. "ಹೊಸೂರಲ್ಲಿ ಕಂಪ್ನಿಗೆ ಹೋಗ್ತಾನೆ ಅಂದ್ರು ತಿರುವಿನಲ್ಲಿ?"

"ಹೋಯ್ತಾನೆ ಹೋಯ್ತಾನೆ. ಗೇಟು ನೋಡ್ಕಂಡು ಬತ್ತಾನೆ."

"ಕುಡೀತಾನಾ?" ಈ ಪ್ರಶ್ನೆ ಕಾಗದದಲ್ಲಿರಲಿಲ್ಲ, ಹೊಟ್ಟೆಯೊಳಗಿಂದ ಬಂದದ್ದು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸೊಣ್ಣಪ್ಪ ಮೆಲ್ಲಗೆ ಕೇಳಿದ: "ಕುಡುದ್ರೆ ಏನಾನಾ ಜಾಸ್ತಿ ಕೊಡ್ತಾರಾ ಮೇಡಂ?"

"ಇಲ್ಲ."

"ಹಂಗಾರೆ ಕುಡಿಯಾಕಿಲ್ಲ."

ಅಷ್ಟರಲ್ಲಿ ಬೀದಿಯಿಂದ ಮೊಪೆಡ್ಡಿನ ಸದ್ದು, ಜೊತೆಗೆ "ಸೀರೇ... ಸೀರೇ... ಕಂತಿನ ಸೀರೇ..." ಎಂಬ ಕೂಗು. ಲಕ್ಷ್ಮಿದೇವಮ್ಮ ಕಲ್ಲಾದಳು. ಆಮೇಲೆ ಗಂಡನ ಕಿವಿಗೆ ಬಗ್ಗಿದಳು. ಗುಟ್ಟು ಹೇಳಿದ್ದೇ, ಆದರೆ ಅವಳ ಗುಟ್ಟು ಪಕ್ಕದ ಬೀದಿಗೂ ಕೇಳುವಂಥದ್ದು. "ಬಂದ ಕಣಯ್ಯಾ! ನಾರಾಯಣಸ್ವಾಮಿ ಹೇಳ್ಲಿಲ್ವಾ? ಹೆಣ್ಣಿನ ಕಡೆಯೋರು ಯಾವ ವೇಸದಾಗಾದ್ರೂ ಮನೆ ನೋಡಾಕೆ ಬತ್ತಾರೆ ಅಂತ! ಸೀರೆ ಮಾರೋನ ವೇಸ ಹಾಕ್ಕಂಡು ಬಂದವ್ನೆ!"

ಮುನಿಗಂಗಮ್ಮನಿಗೆ ಉಗುಳು ನೆತ್ತಿಗೇರಿತು. ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡಳು.

ಲಕ್ಷ್ಮಿದೇವಮ್ಮ ತೇಪೆ ಸೀರೆಯನ್ನು ಸರ್ರನೆ ಕಳಚಿ ಮೂಲೆಗೆಸೆದಳು. ಒಳಗಿನ ಜರಿಸೀರೆ ಝಗಮಗಿಸಿತು. ಅದೇ ಉಸುರಿನಲ್ಲಿ ಗೇಟಿಗೆ ಓಡಿದಳು. "ಬಾರಪ್ಪಾ, ಬಾ! ಬಿಸಿಲಾಗೆ ಬಂದಿದ್ದೀಯ! ಈ ಮನೆ ನಮ್ದೇ ಕಣಪ್ಪಾ, ಅಗೋ ಆ ಬೋರ್‌ವೆಲ್ಲೂ ನಮ್ದೇ. ಹಸ ಹತ್ತವೆ, ಮೇಯಾಕೆ ಹೋಗವೆ. ಹಾಲು ಕರೆದೂ ಕರೆದೂ ನನ್ ಬೆರಳು ನೋಡು ಹೆಂಗಾಗೈತೆ! ನನ್ ಮಗ ಕಂಪ್ನಿನಾಗೆ ದೊಡ್ಡ ಸಾಹೇಬ. ಅವ್ನು ಹತ್ತೋವರ್ಗೂ ಬಸ್ಸು ಅಲ್ಲಾಡಾಕಿಲ್ಲ!"

ಯುವರಾಜನೆಂಬ ಆ ಸೀರೆ ಮಾರುವವನು ಕಂಗಾಲಾದ. "ಅಮ್ಮಾ, ಕಾಟನ್ನಾ ಸಿಲ್ಕಾ?"

"ನಂಗೆಲ್ಲಾ ಗೊತ್ತು ಬಿಡಪ್ಪಾ," ಎಂದು ಲಕ್ಷ್ಮಿದೇವಮ್ಮ ಕಣ್ಣು ಮಿಟುಕಿಸಿದಳು. "ಎರಡೂ ಕೊಡು. ನಾವು ಚೌಕಾಸಿ ಮಾಡೋ ಜನ ಅಲ್ಲ. ಹೋಗಿ ನಿಮ್ಮೋರಿಗೆ ಹೇಳು."

ಚೌಕಾಸಿ ಮಾಡದ ಹೆಂಗಸನ್ನು ಯುವರಾಜ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇದರಲ್ಲೇನೋ ಇದೆ ಎಂದು ಹೆದರಿ, ಸೀರೆ ಕೊಟ್ಟು, ಮುಂಗಡ ಇಸಿದುಕೊಂಡು, ಬಾಕಿ ಮನೆಗಳ ಕಡೆ ತಿರುಗಿಯೂ ನೋಡದೆ ಮೊಪೆಡ್ಡು ಓಡಿಸಿದ.

ಲಕ್ಷ್ಮಿದೇವಮ್ಮ ಏದುಸಿರು ಬಿಡುತ್ತ ಬಂದು ಮತ್ತೆ ತೇಪೆ ಸೀರೆ ಸುತ್ತಿಕೊಂಡು, ಮತ್ತೆ ಬಡವಳಾಗಿ ಕೂತಳು. "ಹೂಂ ಮೇಡಂ, ಎಲ್ಲಿಗೆ ಬಂದಿದ್ವಿ?"

"ಈಗ ಅಲ್ಲಿ ಹತ್ತು ಹಸ ಅಂದ್ರಿ?"

"ಅಯ್ಯೋ ಅದ್ನ ಬರೀಬ್ಯಾಡಿ ಮೇಡಂ! ಅಲ್ಲಿ ಹೇಳಿದ್ದು ಸಂಬಂಧಕ್ಕೆ. ನಿಮ್ಗೆ ಹೇಳ್ತಿರೋದು ತಿಟ್ಟಕ್ಕೆ."

"ಹಂಗಾರೆ ನಿಜ?"

"ನಿಜಾನ ಯಾರೂ ಕೇಳ್ಳೇ ಇಲ್ವಲ್ಲ ತಾಯಿ," ಅಂದಳು ಲಕ್ಷ್ಮಿದೇವಮ್ಮ. ಅವಳ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ.

ಮುನಿಗಂಗಮ್ಮನಿಗೆ ನಗು ಕಿತ್ತುಕೊಂಡು ಬಂತು. ನಗುವಿನ ಹಿಂದೆಯೇ ಭಯವೂ ಬಂತು. ನಾಲಗೆಯಲ್ಲೇ ಹಸು ಕಟ್ಟಿ ನಾಲಗೆಯಲ್ಲೇ ಬಿಚ್ಚುವ ಜನ ಇವರು. ಬೇರಿಕೆ ಕಡೆಯ ಆ ಅಂಗಳ, ಹಗ್ಗ ಬಿಚ್ಚಿಕೊಂಡು ಹೋದ ಕೈಗಳು, ಖಾಲಿ ಗೂಟಗಳು ಕಣ್ಣ ಮುಂದೆ ಬಂದವು. ಈ ಹೆಂಗಸು ಮೋಜಿನವಳೇ, ಇಲ್ಲ ಅನ್ನುವಂತಿಲ್ಲ. ಆದರೆ ಮೋಜಿನ ಅತ್ತೆಯ ಮನೆಯಲ್ಲಿ ಸೊಸೆ ಅಳಬಾರದು ಅಂತೇನಿದೆ? ಕೊಟ್ಟಿಗೆಯಿಂದ ಬರುವ ಚಂದ್ರಲೇಖಾಳ ಕಿಸಿಕಿಸಿ ನಗು ನೆನಪಾಯಿತು. ಅಣ್ಣನಿಗೆ ಊಹೂಂ ಅಂದುಬಿಡುವುದೇ ವಾಸಿ. ಹುಡುಗಿ ಒಂದು ತಿಂಗಳು ಅತ್ತಾಳು, ಬಾಳೆಲ್ಲ ಅಳುವುದು ತಪ್ಪುತ್ತದೆ.

ಹಾಗೆಂದು ಅರ್ಧಕ್ಕೆ ಏಳುವಂತಿಲ್ಲ, ಅನುಮಾನ ಬಂದೀತು. ಹಾಳೆ ತಿರುವಿ, ಊಟದ ಭಾಗದಲ್ಲಿ ಕಣ್ಣಿಗೆ ಬಿದ್ದ ಪ್ರಶ್ನೆಯನ್ನು ಓದಿದಳು. "ನಿಮ್ಮನೇಲಿ ಎಲ್ಲಾರ್ಗಿಂತ ಕೊನೇಲಿ ಉಣ್ಣೋದು ಯಾರು?"

"ನಾಯಿ," ಅಂದ ಸೊಣ್ಣಪ್ಪ.

"ನಾಯಿ ಬಿಟ್ಟು. ಮನುಷ್ಯರಲ್ಲಿ."

ಗಂಡ ಹೆಂಡತಿ ಪೇಚಿಗೆ ಸಿಕ್ಕಿದರು. ಹಸು ಇಲ್ಲ ಅಂದರೆ ಹಸು ಸಿಗುತ್ತದೆ, ಕೆಲಸ ಇಲ್ಲ ಅಂದರೆ ಇನ್ನೇನೋ ಸಿಗುತ್ತದೆ. ಆದರೆ ಈ ಪ್ರಶ್ನೆಗೆ ಯಾವ ಸುಳ್ಳು ಹೇಳಿದರೆ ಲಾಭ? ಸೊಣ್ಣಪ್ಪ ಹುಬ್ಬಿನಲ್ಲೇ ಕೇಳಿದ, ಲಕ್ಷ್ಮಿದೇವಮ್ಮ ಹುಬ್ಬಿನಲ್ಲೇ ಗೊತ್ತಿಲ್ಲ ಅಂದಳು. ಬೇರೆ ದಾರಿ ಕಾಣದೆ ನಿಜ ಹೊರಗೆ ಬಂತು.

"ಕೊನೆ ಮೊದ್ಲು ಅಂತೇನೂ ಇಲ್ಲ ಮೇಡಂ," ಅಂದ ಸೊಣ್ಣಪ್ಪ. "ಎಲ್ರೂ ಒಟ್ಗೇ ಕೂತ್ಕಳಾದು. ಮಗಂಗೆ ಎರಡನೇ ಶಿಫ್ಟು ಬಂದ್ರೆ ಅವ್ನು ಬರೋಗಂಟ ಕಾಯಾದು. ಹೊಟ್ಟೆ ತಾಳ ಹಾಕ್ತಿರ್ತೈತೆ. ಇವಳು ಮಾತ್ರ ಪಾತ್ರೆ ಮುಟ್ಟಾಕೆ ಬಿಡಾಕಿಲ್ಲ."

"ಏನ್ ಸುಳ್ಳು ಹೇಳ್ತಾನೆ ನೋಡಿ ಮೇಡಂ! ರುಚಿ ನೋಡ್ತೀನಿ ಅಂತ ಒಂದು ಮುದ್ದೆ ಮೊದ್ಲೇ ನುಂಗಿರ್ತಾನೆ!"

"ಅದು ಊಟ ಅಲ್ವೇ, ಔಸ್ತಿ!"

"ಔಸ್ತಿಗೆ ಯಾರಯ್ಯಾ ಅಷ್ಟು ಉಪ್ಸಾರು ಸುರ್ಕೊಳಾದು?"

ಮುನಿಗಂಗಮ್ಮ ಬರೆಯುವುದನ್ನು ಬಿಟ್ಟಿದ್ದಳು. "ಒಟ್ಗೇ ಯಾಕೆ? ಹೆಂಗಸ್ರು ಆಮೇಲೆ ಉಣ್ಣೋದಲ್ವಾ ಎಲ್ಲಾ ಕಡೆ?"

ಲಕ್ಷ್ಮಿದೇವಮ್ಮ ತೇಪೆ ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡಳು. ಈಗ ಅವಳ ಧ್ವನಿಯಲ್ಲಿ ಸಂಬಂಧವೂ ಇರಲಿಲ್ಲ, ತಿಟ್ಟಮ್ಮೂ ಇರಲಿಲ್ಲ. "ನಮ್ಮತ್ತೆ ಇರೋಗಂಟ ನಾನೂ ಹಂಗೇ ಉಂಡೋಳು ಮೇಡಂ. ಎಲ್ಲಾರ್ಗೂ ಇಕ್ಕಿ, ಪಾತ್ರೆ ಕೆರ್ಕಂಡು, ಒಲೆ ಹಿಂದ್ಗಡೆ ಕೂತ್ಕಂಡು. ಬಸ್ರಿಲಿದ್ದಾಗ್ಲೂ ಹಂಗೇ. ಮುದ್ಕಿ ಕಣ್ಮುಚ್ಚಿ, ತಿಥಿ ಮುಗಿದ ಮಾರ್ನೆ ದಿನ ನಾನು ಅನ್ನದ ಪಾತ್ರೆ ತಂದು ನಡುಮನೆ ಮಧ್ಯಕ್ಕೆ ಕುಕ್ಕಿದೆ. ಇನ್ಮ್ಯಾಕೆ ಉಣ್ಣೋರು ಇದ್ರ ಸುತ್ತ ಕೂತ್ಕಳಿ, ಎಲ್ರೂ ಕೂತ್ಕಂಡಮ್ಯಾಕೇ ಕೈಯಿಡಾದು ಅಂದೆ. ಈವಯ್ಯ ಏನೂ ಅನ್ಲಿಲ್ಲ, ಬಂದು ಕೂತ್ಕಂಡ. ನಾಳೆ ಸೊಸೆ ಬಂದ್ರೂ ಅಷ್ಟೇ. ಒಲೆ ಹಿಂದ್ಗಡೆ ಕೂತ್ಕಂಡ್ರೆ ಕೈಯಿಡ್ದು ಎಳ್ಕಂಡು ಬತ್ತೀನಿ." ಮತ್ತೆ ತನ್ನ ಕೆಲಸ ನೆನಪಾಗಿ, "ಅದ್ನೆಲ್ಲಾ ಬರೀಬ್ಯಾಡಿ ಮೇಡಂ, ಅದ್ರಿಂದ ಏನೂ ಬರಾಕಿಲ್ಲ," ಅಂದಳು.

ಮುನಿಗಂಗಮ್ಮನ ಕಣ್ಣು ತುಂಬಿತು. ಒಲೆ ಹಿಂದಿನ ಜಾಗ ಅವಳಿಗೆ ಗೊತ್ತು. ಆ ಗೋಡೆಯ ಮಸಿ ಗೊತ್ತು, ತಳ ಕೆರೆದಾಗ ಬರುವ ಸದ್ದು ಗೊತ್ತು. ಗಂಡನ ಮನೆಯಲ್ಲಿ ಹಾಗೆ ಉಂಡು ಉಂಡು ಅದೆಷ್ಟು ಅಭ್ಯಾಸವಾಗಿತ್ತೆಂದರೆ, ಅಣ್ಣನ ಮನೆಗೆ ಬಂದ ಮೇಲೂ, ಯಾರೂ ಹೇಳದಿದ್ದರೂ, ಅವಳು ಕೊನೆಯಲ್ಲೇ, ಆರಿದ್ದನ್ನೇ ಉಣ್ಣುತ್ತಿದ್ದಳು. ಈ ಒಂದು ಪ್ರಶ್ನೆಯನ್ನು ಅವಳಪ್ಪ ಬೇರಿಕೆಯಲ್ಲಿ ಕೇಳಿದ್ದಿದ್ದರೆ! ಹಸು ಎಣಿಸಿಕೊಂಡು ಬಂದಿದ್ದನಲ್ಲ ಪುಣ್ಯಾತ್ಮ! ಅವಳು ಟೋಪಿ ಕಿತ್ತು ಅದರಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಅಯ್ಯೋ, ಮೇಡಮ್ಮಿಗೆ ಬಿಸ್ಲು ತಗುಲ್ತು! ನೀರು ತತ್ತಾರಯ್ಯ!" ಲಕ್ಷ್ಮಿದೇವಮ್ಮ ಕೂಗಿಕೊಂಡಳು.

ನೀರು ತಂದದ್ದು ಸೊಣ್ಣಪ್ಪನಲ್ಲ, ಆಗ ತಾನೇ ಕಂಪನಿ ಬಸ್ಸಿಳಿದು ಗೇಟು ದಾಟಿದ ಮುನೀಶ. ಭಾನುವಾರವೂ ಓವರ್‌ಟೈಮ್ ಮುಗಿಸಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಕಂಪನಿ ಬೂಟಿನಲ್ಲಿ ಬಂದಿದ್ದ. ಗೇಟು ನೋಡ್ಕಂಡು ಬರೋನು ಅಂದರೆ ಇವನೇ! ಲೋಟ ಕೊಡಲು ಬಗ್ಗಿದವನ ಕಣ್ಣು ಅವಳ ಕೊರಳಿನ ಟ್ಯಾಗಿನ ಮೇಲೆ ಬಿತ್ತು. ಅಳುವ ಗಡಿಬಿಡಿಯಲ್ಲಿ ಅದು ಮಗುಚಿಕೊಂಡಿತ್ತು.

"ಅಮ್ಮೋ!" ಅಂದ ಮುನೀಶ. ಲೋಟ ಅರ್ಧ ಚೆಲ್ಲಿತು. "ನಾನು ಮದ್ವೆ ಆಗೋ ಹುಡ್ಗಿ ಈಯಮ್ಮನ ಕತ್ತಾಗೆ ನೇತಾಡ್ತಾವ್ಳೆ ಕಣಮ್ಮೋ!"

ಸೊಣ್ಣಪ್ಪ ಕೆಮ್ಮುವುದನ್ನೂ ಮರೆತ. ಮುನಿಗಂಗಮ್ಮ ಮೂಗು ಒರೆಸಿಕೊಂಡು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು, "ನಾನು ಚಂದ್ರಲೇಖಾನ ಸೋದ್ರತ್ತೆ," ಅಂದಳು.

ಆಮೇಲೆ ಆ ಮನೆಯಲ್ಲಿ ಆದದ್ದನ್ನು ಏನು ಹೇಳುವುದು! ಲಕ್ಷ್ಮಿದೇವಮ್ಮ "ಕೆಟ್ನಲ್ಲಪ್ಪೋ!" ಎಂದು ಚೀರಿ, ತೇಪೆ ಸೀರೆಯನ್ನು ಎರಡನೇ ಸಲ ಕಿತ್ತೆಸೆದು ದೇವರ ಮೇಲೆ ಬಿದ್ದಳು. ಚೆಂಡುಹೂ ಒಂದು ಕಡೆ, ಕುಂಕುಮ ಒಂದು ಕಡೆ. "ಬೀಗಿತ್ತೀ, ಇದು ಫ್ರಿಜ್ಜು, ಡಬಲ್ ಡೋರು! ನನ್ ಮಗ ಬಂಗಾರ ಕಣವ್ವಾ, ಕೆಲ್ಸಿಲ್ಲ ಅಂದಿದ್ದು ನನ್ ಬಾಯಿಗಿಷ್ಟು ಮಣ್ಣು ಹಾಕ! ಏನ್ ಸುಮ್ನೆ ನಿಂತಿದ್ದೀಯಯ್ಯಾ, ಹಸ ಬಿಡು!"

ಸೊಣ್ಣಪ್ಪ ತೂತು ಬನಿಯನ್ನಿನಲ್ಲೇ ಬಣವೆಯ ಹಿಂದಕ್ಕೆ ಓಡಿದ. "ನನ್ನ ಬಗ್ಗೆ ಏನಂದೆ?" ಎಂದು ಮುನೀಶ ಅಮ್ಮನ ಹಿಂದೆ ಬಿದ್ದ. ಅಷ್ಟರಲ್ಲಿ, ಈ ಗಲಾಟೆ ಕೇಳಿ, ಹೆಣ್ಣಿನವರು ಬಂದೇ ಬಿಟ್ಟರೆಂದು ತಿಳಿದ ಪಕ್ಕದ ಮನೆ ರಮಾದೇವಿ, ಮೊದಲೇ ಮಾತಾಗಿದ್ದಂತೆ ತನ್ನ ಎರಡು ಸೀಮೆ ಹಸುಗಳನ್ನು ಗೇಟಿನೊಳಗೆ ನುಗ್ಗಿಸಿದಳು. ಬಣವೆ ಕಡೆಯಿಂದ ಹಸು, ಗೇಟಿನ ಕಡೆಯಿಂದ ಹಸು, ನಡುವೆ ಸೊಣ್ಣಪ್ಪ ಹಗ್ಗಕ್ಕೆ ಸುತ್ತಿಕೊಂಡು ಗಿರಗಿರ ತಿರುಗಿದ. ಎಣಿಸಿದರೆ ಬರೋಬ್ಬರಿ ಐದು. ಬ್ರೋಕರ್ ಹೇಳಿದ ಐದು.

ಮುನಿಗಂಗಮ್ಮ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. "ಇದ್ರಲ್ಲಿ ನಿಮ್ಮವೆಷ್ಟು?"

ಲಕ್ಷ್ಮಿದೇವಮ್ಮ ಬಾಯಿ ತೆರೆದಳು. ಆ ಬಾಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಆದರೆ ಎದುರಿಗಿದ್ದವಳ ಒದ್ದೆ ಕಣ್ಣು ನೋಡಿದಳು, ತೆರೆದ ಬಾಯಿ ಮುಚ್ಚಿದಳು. ಆಮೇಲೆ ರಮಾದೇವಿಯ ಕಡೆ ತಿರುಗಿ, "ವಾಪಸ್ ಹೊಡ್ಕಂಡೋಗೇ ನಿನ್ನವ," ಅಂದಳು. "ನಮ್ಮವು ಮೂರೇ ಬೀಗಿತ್ತೀ. ಅದ್ರಾಗೆ ಒಂದು ಬರಡು. ಬೋರ್‌ವೆಲ್ಲಿನಾಗೆ ಬೇಸ್ಗೇಲಿ ನೀರು ಬರಾಕಿಲ್ಲ. ಇಷ್ಟೇಯ."

"ಬ್ರೋಕರ್ರು ಐದು ಅಂದ?"

"ಅವ್ನ ಕಮಿಷನ್ನೂ ಸೇರ್ಸಿ ಹೇಳಿರ್ತಾನೆ ಬಿಡಿ!" ಎಂದು ಹಗ್ಗದೊಳಗಿಂದಲೇ ಸೊಣ್ಣಪ್ಪ ಕೂಗಿದ.

ಮುನಿಗಂಗಮ್ಮ ನಕ್ಕಳು. ಬೆಳಗಿನಿಂದ ತಡೆದಿಟ್ಟಿದ್ದೆಲ್ಲ ಒಂದೇ ಸಲ ಹೊರಗೆ ಬಂತು. ಜಾಗ್ರತ ದೇವರು, ಎರಡು ಥರದ ಕೆಮ್ಮು, ಮೊಪೆಡ್ಡು ಓಡಿಸಿದ ಯುವರಾಜ, ಎಲ್ಲ ನೆನೆನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಿ ಲಕ್ಷ್ಮಿದೇವಮ್ಮನಿಗೂ ತಡೆಯದಾಯಿತು, ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಏನಾಯಿತೆಂದು ತಿಳಿಯದ ರಮಾದೇವಿಯೂ ಹಸುಗಳ ಮಧ್ಯೆ ನಿಂತು ನಕ್ಕಳು.

ಆ ನಗುವಿನ ಮಧ್ಯೆಯೇ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮುನಿಗಂಗಮ್ಮ ಗಡಿಬಿಡಿಯಲ್ಲಿ ಏನನ್ನೋ ಒತ್ತಿದಳು. ಚಂದ್ರಲೇಖಾಳ ಧ್ವನಿ ಅಂಗಳಕ್ಕೆಲ್ಲ ಕೇಳಿತು. "ಅತ್ತೇ! ನನ್ ಟ್ಯಾಗೆಲ್ಲಿ? ಟೋಪಿಯೆಲ್ಲಿ? ನೀನೆಲ್ಲಿ?"

"ಸರ್ವೆ ಮಾಡೋಕೆ ಬಂದಿದ್ದೆ ಕಣಮ್ಮೀ. ಮುಗೀತು."

"ಯಾವ ಸರ್ವೆ?" ಹುಡುಗಿಗೆ ಅತ್ತೆಯ ಪರಿಚಯ ಚೆನ್ನಾಗಿತ್ತು. ಮತ್ತೆ ಬಂದ ಧ್ವನಿ ಸಣ್ಣದಾಗಿತ್ತು. "ಅತ್ತೆ... ಬೇವಿನದೊಡ್ಡೀಲಿದ್ದೀಯಾ? ಏನಂತೀಯ?"

ಮುನೀಶ ಬೂಟಿನ ತುದಿ ನೋಡುತ್ತ ನಿಂತಿದ್ದ, ಅವನ ಕಿವಿ ಕೆಂಪಾಗಿತ್ತು. ಲಕ್ಷ್ಮಿದೇವಮ್ಮ ಎರಡೂ ಕೈ ಎದೆಗೆ ಒತ್ತಿಕೊಂಡಿದ್ದಳು.

"ಈ ಮನೇಲಿ ಸುಳ್ಳಿನ ಕಣಜಾನೇ ಐತೆ," ಅಂದಳು ಮುನಿಗಂಗಮ್ಮ. ಫೋನಿನಲ್ಲಿ ಹುಡುಗಿ ಉಸುರು ಬಿಗಿಹಿಡಿದದ್ದು ಕೇಳಿಸಿತು. "ಆದ್ರೆ ಅನ್ನದ ಪಾತ್ರೆ ನಡುಮನೇಲಿ ಇಡ್ತಾರೆ ಕಣಮ್ಮೀ. ಎಲ್ರೂ ಬಂದ್ಮೇಲೇ ಉಣ್ತಾರೆ. ಅಷ್ಟು ಸಾಕು ನಂಗೆ. ನಿಮ್ಮಪ್ಪಂಗೆ ಹೇಳು, ಬ್ರೋಕರ್ರಿಗೆ ಹೂಂ ಅನ್ಲಿ."

ಫೋನಿನಿಂದ ಬಂದ ಕಿರುಚಾಟಕ್ಕೆ ಬರಡು ಹಸು ಬೆಚ್ಚಿ ಸೊಣ್ಣಪ್ಪನನ್ನು ಇನ್ನೊಂದು ಸುತ್ತು ಎಳೆದುಕೊಂಡು ಹೋಯಿತು. ಮುನೀಶ ಏನು ಮಾಡುವುದೆಂದು ತಿಳಿಯದೆ ರಮಾದೇವಿಗೆ ಕೈಮುಗಿದ.

"ಈಗಂತೂ ಉಣ್ದೆ ಕಳ್ಸಾಕಿಲ್ಲ," ಎಂದು ಲಕ್ಷ್ಮಿದೇವಮ್ಮ ಒಳಗೆ ಓಡಿದಳು. ಮುದ್ದೆ ಕಟ್ಟಿ, ಅವರೆಕಾಳು ಸಾರಿನ ಪಾತ್ರೆಯನ್ನು ನಡುಮನೆಗೆ ತಂದಿಟ್ಟಳು. ಮುನಿಗಂಗಮ್ಮ ಕೈಕಾಲು ತೊಳೆದು ಬಂದವಳೇ, ಏನೂ ಯೋಚಿಸದೆ, ಅಭ್ಯಾಸಬಲದಿಂದ ಸೆರಗು ಸಿಕ್ಕಿಸಿ ಸೌಟಿಗೆ ಕೈ ಹಾಕಿದಳು. "ನೀವೆಲ್ಲಾ ಕೂತ್ಕಳಿ, ನಾನು ಬಡಿಸ್ತೀನಿ. ನಂದು ಆಮೇಲಾಯ್ತದೆ."

ಲಕ್ಷ್ಮಿದೇವಮ್ಮ ಅವಳ ಕೈಯಿಂದ ಸೌಟು ಕಿತ್ತುಕೊಂಡಳು. "ಈ ಮನೇಲಿ ಆಮೇಲೆ ಅನ್ನೋದಿಲ್ಲ ಬೀಗಿತ್ತೀ. ಕೂತ್ಕಳಿ ನನ್ ಪಕ್ಕ."

ಮುನಿಗಂಗಮ್ಮ ಕೂತಳು. ಒಂದು ಕಡೆ ಲಕ್ಷ್ಮಿದೇವಮ್ಮ, ಇನ್ನೊಂದು ಕಡೆ ಮುನೀಶ, ಎದುರಿಗೆ ಹುಲ್ಲುಕಡ್ಡಿ ಕೊಡವಿಕೊಳ್ಳುತ್ತಿದ್ದ ಸೊಣ್ಣಪ್ಪ. ಎಲ್ಲರ ತಟ್ಟೆಗೂ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಕೈಯಿಟ್ಟರು. ಅವಳು ಮುದ್ದೆ ಮುರಿಯಲು ಹೋಗಿ "ಸ್ಸ್" ಎಂದು ಬೆರಳು ಹಿಂದಕ್ಕೆಳೆದುಕೊಂಡಳು.

"ಏನಾಯ್ತು?" ಅಂದ ಮುನೀಶ.

"ಏನಿಲ್ಲಪ್ಪಾ," ಅಂದಳು ಮುನಿಗಂಗಮ್ಮ. "ಬಿಸಿ ಐತೆ."